ಹನ್ನೊಂದನೇ ಕಾಲಂ ಇಲ್ಲದ ಆಸ್ತಿ

ಮಾಗಡಿಯ ಕಲ್ಯಾಗೇಟ್ ಬಳಿ ಒಂದೇ ಕೊಠಡಿಯ ಕಚೇರಿ. ಬೋರ್ಡಿನ ಮೇಲೆ ‘ಜಮೀನು, ನಿವೇಶನ, ತೋಟ, ವೆಬ್‌ಸೈಟ್ ಹೆಸರು ಕೊಡಿಸಲಾಗುವುದು’ ಎಂದಿದೆ. ವೆಬ್‌ಸೈಟ್ ಅನ್ನುವ ಪದದ ಬಣ್ಣ ಮಾತ್ರ ಹೊಸದು. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟವು ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೊಸ ಹೆಸರಿಟ್ಟಿತು. ಅವತ್ತು ರಾತ್ರಿಯೇ ಈ ಕಚೇರಿಯ ಮಾಲೀಕರು ಆ ಹೆಸರಿನ ಹಿಂದೆ ಮುಂದೆ ಒಂದೊಂದು ಪದ ಜೋಡಿಸಿ ಡಾಟ್ ಕಾಮ್ ಒಂದನ್ನು ನೋಂದಾಯಿಸಿಕೊಂಡರು. ನಾವು ಮಾತಾಡಿಸಲು ಹೋದಾಗ ಕೂಸಿಗೆ ಹತ್ತೊಂಬತ್ತು ದಿನ. ಪೂರ್ತಿ ಹೆಸರನ್ನು ಅಚ್ಚು ಹಾಕಬಾರದೆಂದು ಮಾಲೀಕರ ಷರತ್ತು. ಪಕ್ಕದ ಅಂಗಡಿಯವನು ಒಂದಕ್ಷರ ಬದಲಿಸಿ ಇನ್ನೊಂದನ್ನು ಬರೆಸಿಕೊಂಡಾನು ಎಂಬ ಭಯ ಅವರಿಗೆ. ಹೆಸರಿಗೆ ಅಂಥ ಭಯವೇನೂ ಇರಲಿಲ್ಲ. ಮಾಲೀಕರು ಟೀ ಹೇಳಲು ಹೊರಗೆ ಹೋದ ಕೂಡಲೇ ಬಾಯಿ ಬಿಚ್ಚಿತು.

ನಾವು: ಹೇಗಿದ್ದೀರಿ?

ಹೆಸರು: ಮಾರಾಟಕ್ಕಿದ್ದೀನಿ ಸ್ವಾಮಿ, ಇನ್ನೇನು. ಸಾವಿರ ಚಿಲ್ಲರೆಗೆ ಹುಟ್ಟಿದೆ, ಬೆಳಗಾಗೋ ಹೊತ್ತಿಗೆ ನನ್ನ ಬೆಲೆ ಮೂರು ಲಕ್ಷ. ಮಾಗಡಿ ರಸ್ತೆಯ ಯಾವ ಸೈಟೂ ಒಂದು ರಾತ್ರೀಲಿ ಇಷ್ಟು ಏರಿದ್ದಿಲ್ಲ. ನನ್ನ ಹತ್ತಿರ ಮಣ್ಣಿಲ್ಲ, ಬೋರ್‌ವೆಲ್ ಇಲ್ಲ, ರಸ್ತೆ ಅಂತೂ ಇಲ್ಲವೇ ಇಲ್ಲ. ತೆರೆದು ನೋಡಿದರೆ ‘ಈ ಹೆಸರು ಮಾರಾಟಕ್ಕಿದೆ’ ಅಂತ ಒಂದು ಸಾಲು, ಅದರ ಕೆಳಗೆ ಮಾಲೀಕರ ಮೊಬೈಲ್ ನಂಬರು.

ನಾವು: ಮಾಗಡಿ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ. ದಕ್ಷಿಣ ಎಂದು ಹೇಳಿಕೊಳ್ಳಲು ಸಂಕೋಚವಾಗಲಿಲ್ಲವೇ?

ಹೆಸರು: ದಿಕ್ಸೂಚಿ ಹಿಡಕೊಂಡು ಹೆಸರಿಡೋ ಕಾಲ ಹೋಯ್ತು. ಮಾಗಡಿ ಇರೋದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. ಬೆಂಗಳೂರು ದಕ್ಷಿಣ ಅನ್ನೋ ವಿಧಾನಸಭಾ ಕ್ಷೇತ್ರ ಇದೆಯಲ್ಲ, ಅದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿಲ್ಲ, ಅದೂ ಗ್ರಾಮಾಂತರದಲ್ಲೇ. ಬೆಂಗಳೂರು ದಕ್ಷಿಣ ತಾಲ್ಲೂಕು ಇರೋದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಬೆಂಗಳೂರು ದಕ್ಷಿಣ ಜಿಲ್ಲೆಯ ಜಿಲ್ಲಾಕೇಂದ್ರ ರಾಮನಗರ. ಈಗ ಹೇಳಿ, ಇಷ್ಟು ಗೊಂದಲ ಇರೋ ಕಡೆ ತಾನೇ ದಲ್ಲಾಳಿಗೆ ಕೆಲಸ?

ನಾವು: ಈ ಹೆಸರೂ ಬದಲಾದರೆ?

ಹೆಸರು: ಆಗಬಹುದು. ರಾಮನಗರ ಒಂದು ಕಾಲಕ್ಕೆ ಶಂಸೇರಾಬಾದ್ ಆಗಿತ್ತು, ಆಮೇಲೆ ಬ್ಯಾರಿ ಕ್ಲೋಸ್ ಅನ್ನೋ ದೊರೆಯ ಹೆಸರಲ್ಲಿ ಕ್ಲೋಸ್‌ಪೇಟೆ ಆಯ್ತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಒಡೆದು ಜಿಲ್ಲೆ ಮಾಡಿದರು, 2025ರಲ್ಲಿ ಜಿಲ್ಲೆಯ ಹೆಸರು ಬದಲಾಯ್ತು. ಖಾತೆ ಬದಲಾವಣೆಗೆ ಒಪ್ಪದೆ ಕೂತಿರೋದು ಅಲ್ಲಿನ ಬಂಡೆ ಒಂದೇ. ಇನ್ನೂರೈವತ್ತು ಕೋಟಿ ವರ್ಷದ ಆ ಕಲ್ಲನ್ನ ಭೂವಿಜ್ಞಾನಿಗಳು ಇವತ್ತಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತಲೇ ಕರೀತಾರೆ. ನನಗೇನು, ನನ್ನ ಅವಧಿ ಒಂದು ವರ್ಷ. ಶುಲ್ಕ ಕಟ್ಟಿದರೆ ಮುಂದಿನ ವರ್ಷ.

ನಾವು: ನಿಮ್ಮ ಜಾಹೀರಾತು ನೋಡಿದೆವು. ‘ಕ್ಲಿಯರ್ ಟೈಟಲ್, ತಕ್ಷಣ ವರ್ಗಾವಣೆ’ ಎಂದಿದೆ.

ಹೆಸರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಟೈಟಲ್ ಕ್ಲಿಯರ್ರೇ. ಸಂಬಂಧಿಕರು ಇಲ್ಲ, ದಾವೆ ಇಲ್ಲ, ಬ್ಯಾಂಕ್ ಸಾಲ ಇಲ್ಲ. ‘ತಕ್ಷಣ’ ಅನ್ನೋದು ಇದೆಯಲ್ಲ, ಅದು ಮಾಲೀಕರ ಆಶಾವಾದ.

ನಾವು: ಬಿಡಿಸಿ ಹೇಳಿ.

ಹೆಸರು: ನನ್ನ ಕಾಲಿಗೆ ಬೀಗ ಇದೆ. ಹುಟ್ಟಿದ ಅರವತ್ತು ದಿನ ಒಬ್ಬ ರಿಜಿಸ್ಟ್ರಾರ್‌ನಿಂದ, ಅಂದರೆ ಹೆಸರು ನೋಂದಾಯಿಸೋ ಕಂಪನಿಯಿಂದ, ಇನ್ನೊಬ್ಬ ರಿಜಿಸ್ಟ್ರಾರ್‌ಗೆ ನಾನು ಹೋಗೋ ಹಾಗಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಐಕ್ಯಾನ್ ಅಂತ ಒಂದು ಸಂಸ್ಥೆ ಇದೆ, ಡಾಟ್ ಕಾಮ್‌ಗಳಿಗೆಲ್ಲ ಅದೇ ಹೆಚ್ಚುಕಡಿಮೆ ಕಂದಾಯ ಇಲಾಖೆ. ಅರವತ್ತು ದಿನದೊಳಗೆ ಕೇಳಿದರೆ ವರ್ಗಾವಣೆ ನಿರಾಕರಿಸಬಹುದು ಅಂತ ಅದರ ನಿಯಮ. ‘ನಿರಾಕರಿಸಬಹುದು’ ಅಂತಿರೋದನ್ನ ಬಹುತೇಕ ರಿಜಿಸ್ಟ್ರಾರ್‌ಗಳು ‘ನಿರಾಕರಿಸಲೇಬೇಕು’ ಅಂತ ಓದ್ಕೋತಾರೆ. ಮೇ 22ಕ್ಕೆ ಅರವತ್ತು ಕೂಡಿಸಿ, ಜುಲೈ 21. ಅಲ್ಲೀವರೆಗೆ ನನ್ನ ವಾಸ ಇಲ್ಲೇ. ಈ ಅರವತ್ತನ್ನ ಮೂವತ್ತಕ್ಕೆ ಇಳಿಸಬೇಕು ಅಂತ ಐಕ್ಯಾನ್‌ನಲ್ಲೇ ಶಿಫಾರಸು ಆಗಿದೆ. ಅದು ಜಾರಿಗೆ ಬರೋದರೊಳಗೆ ನಾನು ಮುದುಕಿಯಾಗಿರ್ತೀನಿ.

ನಾವು: ಇಂಥ ನಿಯಮ ಯಾಕೆ?

ಹೆಸರು: ಕಳ್ಳರ ಪ್ರಸಾದ. ಯಾರದೋ ಕ್ರೆಡಿಟ್ ಕಾರ್ಡ್ ಕದ್ದು ಹೆಸರು ಕೊಳ್ಳೋದು, ಕಾರ್ಡಿನವರು ತಕರಾರು ಎತ್ತೋದರೊಳಗೆ ನಾಲ್ಕು ಕಂಪನಿ ದಾಟಿಸೋದು. ಬೆಂಗಳೂರಲ್ಲಿ ಕದ್ದ ಬೈಕು ಹೊಸೂರಲ್ಲಿ ನಂಬರ್ ಪ್ಲೇಟ್ ಬದಲಿಸಿದ ಹಾಗೆ. ಎರಡು ತಿಂಗಳು ಕಟ್ಟಿಹಾಕಿದರೆ ಅಷ್ಟರಲ್ಲಿ ದುಡ್ಡಿನ ಬಣ್ಣ ಗೊತ್ತಾಗುತ್ತೆ. ಬೀಗದ ಬಗ್ಗೆ ನನಗೆ ದೂರಿಲ್ಲ ಸ್ವಾಮಿ. ಬೀಗ ಇದೆ ಅಂತ ಹೇಳದೆ ನನ್ನನ್ನ ಮೆರವಣಿಗೆ ಮಾಡಿಸ್ತಾ ಇದಾರಲ್ಲ, ಅದೇ ನಾಚಿಕೆ.

ನಾವು: ಹಾಗಾದರೆ ಜುಲೈ 21ರವರೆಗೆ ನಿಮ್ಮನ್ನು ಮಾರಲು ಸಾಧ್ಯವೇ ಇಲ್ಲವೇ?

ಹೆಸರು: ಎಲ್ಲರೂ ಇಲ್ಲೇ ಎಡವೋದು. ಮಾರಬಹುದು! ಸಾಗಿಸಕ್ಕಾಗಲ್ಲ ಅಷ್ಟೆ. ಕೊಳ್ಳೋನು ನಮ್ಮ ರಿಜಿಸ್ಟ್ರಾರ್ ಹತ್ತಿರವೇ ಒಂದು ಖಾತೆ ತೆಗೆದರೆ, ಈ ಖಾತೆಯಿಂದ ಆ ಖಾತೆಗೆ ಐದು ನಿಮಿಷದಲ್ಲಿ ತಳ್ಳಿಬಿಡಬಹುದು. ‘ಪುಶ್’ ಅಂತಾರೆ ಈ ವ್ಯವಹಾರದವರು. ಸಾಮಾನ್ಯವಾಗಿ ಅದಕ್ಕೆ ಅರವತ್ತು ದಿನದ ಅಡ್ಡಿಯಿಲ್ಲ. ಈ ಒಂದು ಮಾತು ಮೊದಲೇ ಹೇಳಿದ್ದರೆ ಯಶವಂತಪುರದ ಒಬ್ಬ ಗಿರಾಕಿ ಹೋದ ವಾರವೇ ನನ್ನನ್ನ ಕರಕೊಂಡು ಹೋಗ್ತಿದ್ದರು. ಅವರು ದುಡ್ಡನ್ನ ಮಧ್ಯಸ್ಥ ಖಾತೆಯಲ್ಲಿಟ್ಟು, ‘ನಮ್ಮ ಕಂಪನಿಯ ಮಿಕ್ಕ ಹೆಸರೆಲ್ಲ ಇರೋ ಕಡೆಗೇ ಇದೂ ಬರಬೇಕು, ಆಥ್ ಕೋಡ್ ಕಳಿಸಿ’ ಅಂದರು. ಮಾಲೀಕರು ವರ್ಗಾವಣೆಗೆ ಬೇಕಾದ ಆ ಕೋಡ್ ಕಳಿಸಿದರು. ಅಲ್ಲಿಂದ ‘ನಿರಾಕರಿಸಲಾಗಿದೆ’ ಅಂತ ಉತ್ತರ ಬಂತು. ‘ಸರ್ವರ್ ಬ್ಯುಸಿ ಇರಬೇಕು, ನಾಳೆ ನೋಡಿ’ ಅಂದರು ನಮ್ಮವರು. ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಇಪ್ಪತ್ತು ವರ್ಷ ಕಳೆದವರ ಬಾಯಲ್ಲಿ ಇನ್ನೇನು ಬರಬೇಕು ಹೇಳಿ.

(ಇಷ್ಟರಲ್ಲಿ ಮಾಲೀಕರು ಟೀ ಹಿಡಿದು ಬಂದರು. ವಿಷಯ ತಿಳಿದು, ‘ಅಯ್ಯೋ, ಎಲ್ಲರಿಗೂ ಗೊತ್ತಿರೋದೇ ಅದು. ಗೊತ್ತಿರೋದನ್ನ ಯಾಕೆ ಹೇಳ್ಬೇಕು? ಗೊತ್ತಿಲ್ಲದೋರಿಗೆ ಹೇಳಿದರೆ ಹೆದರ್ಕೋತಾರೆ’ ಎಂದರು. ಎರಡೂ ಕಡೆ ಬಾಗಿಲು ಮುಚ್ಚುವ ಇಂಥ ವಾದ ನಾವು ವಿಧಾನಸಭೆಯಲ್ಲೂ ಕೇಳಿರಲಿಲ್ಲ.)

ನಾವು: ಇದೇ ಮಾಲೀಕರು ಜಮೀನಿನ ವಿಷಯದಲ್ಲಿ ಎಷ್ಟು ಜಾಗರೂಕರು ಎಂದು ಊರೇ ಹೇಳುತ್ತದೆ.

ಹೆಸರು: ಅದೇ ನನ್ನ ಹೊಟ್ಟೆಯುರಿ! ಯಾವನಾದರೂ ಪಹಣಿ ತಂದಿಟ್ಟರೆ ಇವರ ಕಣ್ಣು ಮೊದಲು ಹೋಗೋದು ಹನ್ನೊಂದನೇ ಕಾಲಂಗೆ. ಹಕ್ಕು, ಋಣ ಬರೆಯೋ ಜಾಗ ಅದು. ದರಖಾಸ್ತಿನಲ್ಲಿ ಬಂದ ಜಮೀನಾದರೆ ಸಾಗುವಳಿ ಚೀಟಿ ತರಿಸ್ತಾರೆ. 1969ರ ಭೂ ಮಂಜೂರಾತಿ ನಿಯಮದ ಹದಿನೈದು ವರ್ಷದ ಪರಭಾರೆ ನಿಷೇಧ ಮುಗಿದಿದೆಯಾ ಅಂತ ಬೆರಳು ಮಡಿಸಿ ಲೆಕ್ಕ ಹಾಕ್ತಾರೆ. ಮಂಜೂರಾದದ್ದು ಪರಿಶಿಷ್ಟರಿಗಾ? ಹಾಗಾದರೆ 1978ರ ಪಿಟಿಸಿಎಲ್ ಕಾಯ್ದೆ. ಹದಿನೈದು ವರ್ಷ ಕಳೆದಿದ್ದರೂ ಸರ್ಕಾರದ ಅನುಮತಿ ಇಲ್ಲದೆ ಮುಟ್ಟಲ್ಲ. ಬಡವನಿಗೆ ಕೊಟ್ಟ ನೆಲವನ್ನ ಮೂರು ಕಾಸಿಗೆ ಕಿತ್ಕೋಬಾರದು ಅಂತ ಮಾಡಿದ ಕಾನೂನು ಅದು, ಅದರ ಮುಂದೆ ನನ್ನ ಅರವತ್ತು ದಿನ ಯಾವ ಲೆಕ್ಕ? ಆದರೆ ಅಲ್ಲಿ ಅಷ್ಟು ಕೇಳೋ ಮನುಷ್ಯ ಇಲ್ಲಿ ಮಾರುವಾಗ ಮೂಗನಾದರು. ಕೊಳ್ಳುವಾಗ ಹನ್ನೊಂದನೇ ಕಾಲಂ, ಮಾರುವಾಗ ಬರೀ ಒಡೆಯನ ಹೆಸರಿರೋ ಒಂಬತ್ತನೇ ಕಾಲಂ.

ನಾವು: ನಿಮಗೂ ಪಹಣಿಯಂಥದ್ದು ಇದೆಯಲ್ಲ?

ಹೆಸರು: ಇದೆ. ಮೊದಲು ಹೂಇಸ್ ಅಂತಿತ್ತು, 2025ರ ಜನವರಿಯಿಂದ ಆರ್‌ಡಿಎಪಿ. ಯಾರು ಬೇಕಾದರೂ ನೋಡಬಹುದು, ಗ್ರಾಮ ಲೆಕ್ಕಿಗರನ್ನ ಹುಡುಕೋದು ಬೇಡ. ಹುಟ್ಟಿದ ದಿನಾಂಕ ಅದರಲ್ಲಿದೆ. ಸ್ಥಿತಿ ಅಂತ ಬರೆದಿರೋ ಕಡೆ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಅಂತಲೂ ಇದೆ. ಆದರೆ ಅದು ಮಾಲೀಕ ತಾನೇ ಹಾಕಿಸಿಕೊಂಡ ಬೀಗವೋ, ಎರಡು ತಿಂಗಳ ಬೀಗವೋ, ಯಾವತ್ತು ತೆಗೀತಾರೆ, ಒಂದೂ ಬರೆದಿರಲ್ಲ. ಹತ್ತು ವರ್ಷದ ಹಳೇ ಹೆಸರಿನ ಮೇಲೂ ಅದೇ ಪದ ಇರುತ್ತೆ. ನೋಡಿದವನು ‘ಎಲ್ಲಾದಕ್ಕೂ ಇದ್ದದ್ದೇ’ ಅಂತ ಮುಂದಕ್ಕೆ ಹೋಗ್ತಾನೆ. ನನ್ನ ದಾಖಲೆಯಲ್ಲಿ ಹನ್ನೊಂದನೇ ಕಾಲಂ ಇಲ್ಲ ಸ್ವಾಮಿ. ಅದನ್ನ ಮಾರೋನ ಬಾಯೇ ತುಂಬಬೇಕು.

ನಾವು: ಪಕ್ಕದ ಪತ್ರ ಬರಹಗಾರರು, ಮಾರುವವನು ಬಾಯಿ ಬಿಡಬೇಕೆಂದು ಕಾನೂನೇ ಹೇಳುತ್ತದೆ ಎನ್ನುತ್ತಾರೆ.

ಹೆಸರು: ಅವರು 1882ರ ಸ್ವತ್ತು ವರ್ಗಾವಣೆ ಕಾಯ್ದೆ ತೆಗೆದರು, 55ನೇ ಕಲಂ. ಮಾರೋನಿಗೆ ಗೊತ್ತಿದ್ದು, ಕೊಳ್ಳೋನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಕ್ಕಾಗದ ದೋಷ ಇದ್ದರೆ ಹೇಳಲೇಬೇಕು ಅಂತ. ‘ಅದು ಸ್ಥಿರಾಸ್ತಿಗೆ ಕಣಯ್ಯ, ಇದು ಗಾಳೀಲಿರೋದು’ ಅಂದರು ನಮ್ಮ ಮಾಲೀಕರು. ಗಾಳಿ ಅಂತೆ! 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಮ್ಮಂಥ ಹೆಸರುಗಳಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಅಂತ ಹೇಳಿದೆ. ಆಮೇಲೆ ಬರಹಗಾರರು 1872ರ ಕರಾರು ಕಾಯ್ದೆ ತೆಗೆದರು, 17ನೇ ಕಲಂ. ಬರೀ ಮೌನ ವಂಚನೆ ಅಲ್ಲ ಅಂತ ಅಲ್ಲೊಂದು ವಿವರಣೆ ಇದೆ. ನಮ್ಮವರ ಮುಖ ಅರಳಿತು. ಅದೇ ವಾಕ್ಯದಲ್ಲಿ ಮುಂದಕ್ಕೆ, ಮಾತಾಡಲೇಬೇಕಾದ ಕರ್ತವ್ಯ ಇದ್ದರೆ, ಮೌನವೇ ಮಾತಿಗೆ ಸಮ ಆಗಿದ್ದರೆ ಆ ಮಾತು ಬೇರೆ ಅಂತಿದೆ. ಅಷ್ಟು ಓದೋದರೊಳಗೆ ಪುಸ್ತಕ ಮುಚ್ಚಿ ಟೀ ಹೇಳಿದರು. ಅಷ್ಟಕ್ಕೂ ‘ತಕ್ಷಣ ವರ್ಗಾವಣೆ’ ಅಂತ ದಪ್ಪಕ್ಷರದಲ್ಲಿ ಬರೆದೋರು ಯಾವ ಬಾಯಲ್ಲಿ ಮೌನದ ಮಾತಾಡ್ತಾರೆ?

ನಾವು: ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಮುಗಿಯಲಿಲ್ಲವೇ?

ಹೆಸರು: ಅದನ್ನೂ ಯೋಚಿಸಿದರು. ‘ಖಾತೆಯ ಪಾಸ್‌ವರ್ಡ್ ಇಟ್ಕೊಳ್ಳಿ, ನಿಮ್ಮದೇ ಅಂದ್ಕೊಳ್ಳಿ, ಎರಡು ತಿಂಗಳಾದ ಮೇಲೆ ನೋಡೋಣ’ ಅಂತ. ಇದು ಜಿಪಿಎ ಮಾರಾಟ ಅಲ್ಲದೆ ಮತ್ತೇನು? ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಸ್ವತ್ತಿನ ಒಡೆತನ ಬರಲ್ಲ ಅಂತ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪಾಗಿದೆ. ತೀರ್ಪು ಬಂದ ಮೇಲೂ ರೆವಿನ್ಯೂ ಸೈಟುಗಳು ಹಾಗೇ ಕೈ ಬದಲಾಯಿಸ್ತಾ ಇವೆ, ಅದು ಬೇರೆ ಮಾತು. ಪಾಸ್‌ವರ್ಡ್ ಕೊಟ್ಟೋನು ‘ಮರೆತಿದ್ದೇನೆ’ ಒತ್ತಿ ನಾಳೆ ಬೆಳಿಗ್ಗೆ ಮತ್ತೆ ಒಳಗೆ ಬರಬಹುದು.

ನಾವು: ಹಾಗಾದರೆ ಪುಶ್ ಮಾಡಿಸಿಕೊಂಡವನು ನಿಶ್ಚಿಂತ.

ಹೆಸರು: ಅರ್ಧ ನಿಶ್ಚಿಂತ. ಅಲ್ಲಿ ಇನ್ನೊಂದು ಬೀಗ ಕಾದಿರುತ್ತೆ. 2016ರ ಡಿಸೆಂಬರಿನಿಂದ ಜಾರಿಗೆ ಬಂದದ್ದು. ನನ್ನ ಮಾಲೀಕರ ಹೆಸರೋ ಇಮೇಲೋ ಬದಲಾದರೆ ಅವತ್ತಿನಿಂದ ಮತ್ತೆ ಅರವತ್ತು ದಿನ ಕಂಪನಿ ಬದಲಿಸೋ ಹಾಗಿಲ್ಲ. ಬೇಡ ಅಂತ ಮೊದಲೇ ಗುರುತು ಹಾಕೋ ಅವಕಾಶವನ್ನ ಕೆಲವು ರಿಜಿಸ್ಟ್ರಾರ್‌ಗಳು ಕೊಡ್ತಾರೆ, ಕೆಲವರು ಕೊಡಲ್ಲ. ಬದಲಾವಣೆ ಆದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಜುಲೈ 20ಕ್ಕೆ ನನ್ನನ್ನ ಕೊಂಡು, ಸಂಭ್ರಮದಲ್ಲಿ ತನ್ನ ಹೆಸರು ಹಾಕ್ಕೊಂಡು, ‘ನಾಳೆ ಬೀಗ ಬಿಡುಗಡೆ’ ಅಂತ ಕಾಯೋನಿಗೆ ಸೆಪ್ಟೆಂಬರ್ ತೋರಿಸಬಹುದು. ಆಗ ಅವನು ನನಗೆ ಬೈಯಲ್ಲ, ನಮ್ಮ ಮಾಲೀಕರಿಗೆ ಬೈತಾನೆ. ಈ ಸಲ ಮಾತ್ರ ನಮ್ಮವರಿಗೇ ಗೊತ್ತಿರಲಿಲ್ಲ ಪಾಪ, ಆದರೆ ಮೊದಲ ಬೀಗ ಮುಚ್ಚಿಟ್ಟೋರ ಅಜ್ಞಾನವನ್ನ ಯಾರು ನಂಬ್ತಾರೆ?

ನಾವು: ನಿಮ್ಮ ಓಣಿಯಲ್ಲಿ ಪ್ರಾಮಾಣಿಕರು ಯಾರೂ ಇಲ್ಲವೇ?

ಹೆಸರು: ಚನ್ನಪಟ್ಟಣದ ಗೊಂಬೆ ಇದೆಯಲ್ಲ. ‘ಚನ್ನಪಟ್ಟಣ ಆಟಿಕೆ’ ಅನ್ನೋ ಹೆಸರಿಗೆ ಭೌಗೋಳಿಕ ಗುರುತು ಸಿಕ್ಕಿದೆ. 1999ರ ಭೌಗೋಳಿಕ ಗುರುತುಗಳ ಕಾಯ್ದೆಯ 24ನೇ ಕಲಂ ಪ್ರಕಾರ ಆ ಹಕ್ಕನ್ನ ಮಾರಕ್ಕಾಗಲ್ಲ, ಒತ್ತೆ ಇಡಕ್ಕಾಗಲ್ಲ, ಪರವಾನಗಿ ಕೊಡಕ್ಕೂ ಆಗಲ್ಲ. ಅರವತ್ತು ದಿನ ಅಲ್ಲ, ಯಾವತ್ತಿಗೂ. ಕಾನೂನಿನಲ್ಲೇ ಬರೆದಿದೆ, ಮುಚ್ಚಿಡೋಕೆ ಏನೂ ಇಲ್ಲ. ಅದರ ಹತ್ತಿರ ಯಾವ ದಲ್ಲಾಳಿಯೂ ಸುಳಿಯಲ್ಲ ನೋಡಿ, ಅದಕ್ಕೇ ಬಣ್ಣ ಇನ್ನೂ ಹಾಗೇ ಇದೆ.

ನಾವು: ಜಾಹೀರಾತು ನೀವೇ ಬರೆಯುವುದಾದರೆ?

ಹೆಸರು: ಬರ್ಕೊಳ್ಳಿ. ‘ನೋಂದಣಿ: ಮೇ 22, 2025. ಜುಲೈ 21ರವರೆಗೆ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾವಣೆ ಆಗುವುದಿಲ್ಲ. ಇದೇ ರಿಜಿಸ್ಟ್ರಾರ್‌ನಲ್ಲಿ ಖಾತೆ ಇದ್ದವರಿಗೆ ಇಂದೇ ಪುಶ್ ಮಾಡಿಕೊಡಲಾಗುವುದು. ಮಾಲೀಕರ ಹೆಸರು ಬದಲಾದಾಗ ಮತ್ತೊಮ್ಮೆ ಬೀಗ ಬೀಳಬಹುದು, ಬದಲಾಯಿಸುವ ಮೊದಲು ವಿಚಾರಿಸಿ. ಮೊದಲ ವರ್ಷದ ಶುಲ್ಕ ಮಾತ್ರ ಕಟ್ಟಿದೆ. ಸರ್ಕಾರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ.’

ಬರೆದುಕೊಂಡ ಚೀಟಿಯನ್ನು ಮಾಲೀಕರ ಮುಂದಿಟ್ಟೆವು. ಕನ್ನಡಕ ಹಾಕಿಕೊಂಡು, ಪಹಣಿ ಓದುವಷ್ಟೇ ಗಂಭೀರವಾಗಿ, ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಓದಿದರು. ಚೀಟಿ ತಿರುಗಿಸಿ ಹಿಂದೇನಾದರೂ ಇದೆಯೇ ಎಂದು ನೋಡಿದರು.

‘ಇಷ್ಟೆಲ್ಲ ಬರೆದರೆ ಆಗಲ್ಲ ಸಾರ್,’ ಎಂದರು. ‘ಇಷ್ಟು ಹೇಳಿದೋನು ಇನ್ನೆಷ್ಟು ಮುಚ್ಚಿಟ್ಟಿದಾನೋ ಅಂತ ಗಿರಾಕಿ ವಕೀಲರನ್ನೇ ಕರ್ಕೊಂಡು ಬರ್ತಾನೆ.’