ಡ್ರಾಯರಿನಲ್ಲಿ ಮಲಗಿದ್ದ ಅಲೆನ್ ಕೀಗೆ ಒಂದು ಬಹಿರಂಗ ಪತ್ರ

ಶ್ರೀಮದ್ 5 ಎಂಎಂ ಅಲೆನ್ ಕೀ ಅವರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರ. ಎಂಟು ಅಂಗಗಳಲ್ಲಿ ಮಂಡಿ ಮುಷ್ಕರ ಹೂಡಿರುವುದರಿಂದ ತಾವು ಸದ್ಯ ಏಳಕ್ಕೇ ತೃಪ್ತರಾಗಬೇಕು.

ಬೆಂಗಳೂರಿನ ಮೆಕ್ಯಾನಿಕ್ಕುಗಳು ತಮ್ಮನ್ನು 'ಎಲ್ಎನ್ ಕೀ' ಎಂದು ಬಾಯ್ತುಂಬ ಕರೆಯುತ್ತಾರೆ. ನಾನು ಹತ್ತು ತಿಂಗಳು ಏನೆಂದೂ ಕರೆಯಲಿಲ್ಲ. ಸತ್ತ ಸೆಲ್ಲು, ಹಳೇ ಗ್ಯಾಸ್ ರಸೀದಿಗಳ ನಡುವೆ ತಾವು ಯೋಗನಿದ್ರೆಯಲ್ಲಿದ್ದಾಗ ಹೊರಗೆ ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಂದಿಬೆಟ್ಟದ ಎತ್ತರ 1,478 ಮೀಟರ್. ಭಾನುವಾರ ನಸುಕಿನಲ್ಲಿ ಸೈಕಲ್ಲೇರಿ ಹೆಬ್ಬಾಳ ದಾಟಿ, ದೇವನಹಳ್ಳಿ ಬಿಟ್ಟು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಬಲಮಂಡಿಯ ಚಿಪ್ಪಿನಡಿ ಯಾರೋ ಸೂಜಿಯಲ್ಲಿ ಸಹಿ ಹಾಕತೊಡಗುತ್ತಿದ್ದರು. ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ಬೆಟ್ಟ ಹತ್ತುವವನಿಗೆ ಮಂಡಿಯೇ ಕೈಕೊಟ್ಟರೆ?

ಸಲಹೆಗೇನೂ ಬರವಿರಲಿಲ್ಲ. "ವಯಸ್ಸಾಯ್ತಲ್ಲ ಸಾರ್, ಸೈಕಲ್ ಮಾರಿಬಿಡಿ" ಎಂದರು ಮೂರನೇ ಮಹಡಿ ಅಂಕಲ್. ಅವರ ದಿನದ ವ್ಯಾಯಾಮ ಲಿಫ್ಟಿನಿಂದ ಕಾರಿನವರೆಗೆ. ಅತ್ತೆಯವರು ಎಳ್ಳೆಣ್ಣೆ ಕಾಯಿಸಿಕೊಟ್ಟರು; ಮಂಡಿ ಮಿರಮಿರ ಮಿಂಚಿತು, ನೋವು ಇದ್ದಲ್ಲೇ ಇತ್ತು. ಅಂಗಡಿಯಲ್ಲಿ ಜೆಲ್ ಸೀಟು, ಹೊಸ ಪೆಡಲು, ಮಂಡಿಪಟ್ಟಿ, ಅದಕ್ಕೊಪ್ಪುವ ಬಣ್ಣದ ಕಾಲುಚೀಲ ಎಂದು 23,000 ರೂಪಾಯಿ ಇಳಿಸಿದರು. ಇಷ್ಟರ ಮೇಲೆ ನನಗೊಂದು ಜಂಬವೂ ಹತ್ತಿಕೊಂಡಿತು. 1980ರ ಟೂರ್ ದ ಫ್ರಾನ್ಸ್‌ನಲ್ಲಿ ಬರ್ನಾರ್ ಇನೋ ಮುನ್ನಡೆಯ ಹಳದಿ ಜೆರ್ಸಿ ಮೈಮೇಲಿದ್ದಾಗಲೇ ಮಂಡಿನೋವಿನಿಂದ ಪೋ ಊರಿನಲ್ಲಿ ಹಿಂದೆ ಸರಿದನಲ್ಲ, ಆ ದೊಡ್ಡವರ ಕಾಯಿಲೆಯೇ ನನಗೂ ಬಂದಿದೆ! ಇನೋ ಆ ಟೂರನ್ನು ಐದು ಸಲ ಗೆದ್ದವನು. ನಾನು ನಂದಿ ಹತ್ತಿರುವುದು ಹನ್ನೊಂದು ಸಲ, ಅದರಲ್ಲಿ ಎರಡು ಸಲ ತಳ್ಳಿಕೊಂಡು.

ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಆಯಮ್ಮ ಮಂಡಿ ಮುಟ್ಟುವ ಮೊದಲೇ "ಸೈಕಲ್ ತಂದಿದ್ದೀರಾ?" ಅಂದರು. ಹತ್ತಿ ಕೂತೆ, ತುಳಿದೆ. "ಮಕ್ಕಳ ಸೈಕಲ್ ಮೇಲೆ ಕೂತ ಹಾಗಿದೆಯಲ್ರೀ." ಸೀಟಿನ ಕಂಬ ಹಿಡಿದಿರುವ ಬೋಲ್ಟು ಸಡಿಲವಾಗಿ, ಸೀಟು ವಾರಕ್ಕೊಂದು ಕೂದಲೆಳೆಯಷ್ಟು ಜಾರುತ್ತ ಎರಡು ಬೆರಳು ಕೆಳಗೆ ಕೂತುಬಿಟ್ಟಿತ್ತು! ಪೆಡಲು ತಳ ಮುಟ್ಟಿದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿದ್ದರೆ ಸರಿಯಂತೆ. ನನ್ನದು ಮುದುಡಿಕೊಂಡೇ ಇತ್ತು. ಹಾಗೆ ಮುದುಡಿದ ಮಂಡಿಯಿಂದ ಜೋರಾಗಿ ಒತ್ತಿದರೆ ಚಿಪ್ಪು ತೊಡೆಮೂಳೆಗೆ ಅದುಮಿಕೊಳ್ಳುತ್ತದೆ. ನಿಮಿಷಕ್ಕೆ 80 ಸುತ್ತಿನಂತೆ ಮೂರು ಗಂಟೆಗೆ 14,400 ಸಲ. ಮೇಲಾಗಿ, ಹಗುರ ಗೇರಿಗೆ ಇಳಿದರೆ ಪಕ್ಕದವನು ನೋಡಿಬಿಟ್ಟಾನು ಎಂಬ ನನ್ನ ಮರ್ಯಾದೆ ಬೇರೆ.

ಸೀಟು ಏರಿಸಿ ಬೋಲ್ಟು ಬಿಗಿಮಾಡಲು ತಮಗೆ ಹಿಡಿದದ್ದು ಅರ್ಧ ನಿಮಿಷ. ನೋವು ಮಾತ್ರ ಅಷ್ಟು ಬೇಗ ಜಾಗ ಖಾಲಿ ಮಾಡುತ್ತಿಲ್ಲ. ಇನ್ನೂ ಕೆಲವು ವಾರ ಹಗುರ ಗೇರು, ಸಪಾಟು ರಸ್ತೆ, ಮನೆಯಲ್ಲಿ ತೊಡೆಯ ಕಸರತ್ತು. ಸೀಟು ಮತ್ತೆ ಜಾರಿದರೆ ಗೊತ್ತಾಗಲೆಂದು ಕಂಬಕ್ಕೆ ಹೆಂಡತಿಯ ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದಿದ್ದೇನೆ. ತಾವು ಇನ್ನು ಮುಂದೆ ಸೀಟಿನಡಿಯ ಚೀಲದಲ್ಲಿ, ಪಂಕ್ಚರ್ ಕಿಟ್ಟಿನ ಪಕ್ಕದಲ್ಲೇ ಬಿಜಯಂಗೈಯಬೇಕು.

ಆ 23,000ದ ವಿಷಯ ಮಾತ್ರ ಅತ್ತೆಯವರ ಕಿವಿಗೆ ಬೀಳದಿರಲಿ. ಎಣ್ಣೆಯಿಂದಲೇ ವಾಸಿಯಾಗುತ್ತಿದೆಯೆಂದು ಅವರು ನಂಬಿದ್ದಾರೆ.

ಇತಿ ತಮ್ಮ ವಿಧೇಯ,
ಏಳೂವರೆ ಅಂಗಗಳ ಭಕ್ತ