ಆಕರ್ಷಣ ಗರಗಸ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಜಪಾನಿನ ನೊಕೊಗಿರಿ, ಅಂದರೆ ತನ್ನತ್ತ ಎಳೆದಾಗ ಮಾತ್ರ ಕೊಯ್ಯುವ ಗರಗಸ. ಪ್ರಯೋಜನ: ಒಂದಾಗಿದ್ದ ಮರ ಎರಡಾಗುವುದು. ಅಧಿಕಾರಿ: ಹತ್ತೂ ಬೆರಳು ಸ್ವಸ್ಥಾನದಲ್ಲಿರುವ ಯಾವುದೇ ಜಿಜ್ಞಾಸು. ಸಂಬಂಧ: ಕೊಯ್ದ ಮೇಲೆ ತುಂಡುಗಳಿಗೆ ಪರಸ್ಪರ ಸಂಬಂಧ ಇರತಕ್ಕದ್ದಲ್ಲ, ಇದ್ದರೆ ಕೆಲಸ ಮುಗಿದಿಲ್ಲವೆಂದು ತಿಳಿಯಬೇಕು.

ಸೂತ್ರ 1: ಎಳೆದದ್ದು ನೆಟ್ಟಗೆ, ತಳ್ಳಿದ್ದು ಡೊಂಕು.

ವೃತ್ತಿ: ತೆಳು ತಗಡು ತಳ್ಳಿದರೆ ಬಾಗುತ್ತದೆ, ಎಳೆದರೆ ಬಿಗಿದು ನೆಟ್ಟಗಾಗುತ್ತದೆ. ಬಾಗುವ ಭಯಕ್ಕೆ ತಳ್ಳುವಾದಿಗಳಾದ ಐರೋಪ್ಯರು ಅಲಗನ್ನು 1 ಮಿ.ಮೀ. ಆಸುಪಾಸು ದಪ್ಪ ಮಾಡಿದರು. ಎಳೆತವಾದಿಗಳು ಅರ್ಧ ಮಿ.ಮೀ.ಗೇ ತೃಪ್ತರಾದರು. ಅಲಗು ತೆಳುವಾದಷ್ಟೂ ಹುಡಿ ಕಡಿಮೆ, ರಟ್ಟೆನೋವೂ ಕಡಿಮೆ. ಒಂದೇ ದೋಷವೆಂದರೆ, ಹುಡಿ ತಪ್ಪದೆ ಪೆನ್ಸಿಲ್ ಗೆರೆಯ ಮೇಲೇ ಬಂದು ಕೂರುತ್ತದೆ. ಆಗಾಗ ಉಫ್ ಎಂದು ಊದಬೇಕು. ಈ ಶಾಸ್ತ್ರದಲ್ಲಿ ಪ್ರಾಣಾಯಾಮ ಇಷ್ಟೇ.

ಪೂರ್ವಪಕ್ಷ: ತಳ್ಳುವವನ ಬೆನ್ನಿಗೆ ಮೈಭಾರವಿದೆ, ಎಳೆಯುವವನಿಗೆ ಏನಿದೆ? ಸಿದ್ಧಾಂತ: ಪಾದವಿದೆ. ಜಪಾನಿನ ಬಡಗಿ ಮರವನ್ನು ಗಿಡ್ಡ ಅಡ್ಡೆಯ ಮೇಲಿಟ್ಟು, ಕಾಲಲ್ಲಿ ಮೆಟ್ಟಿ, ಬಾಗಿ ಎಳೆಯುತ್ತಾನೆ. ಭಾರ ಮರಕ್ಕೆ ಸಲ್ಲಬೇಕು, ಗರಗಸಕ್ಕಲ್ಲ. ಎಳೆತ ಜಪಾನಿನದೇ ಶೋಧ ಎಂಬ ಅತ್ಯುತ್ಸಾಹಿಗಳ ಮತವೂ ನಿಲ್ಲದು. ಪ್ರಾಚೀನ ಈಜಿಪ್ಟಿನವರೂ ಎಳೆದೇ ಕೊಯ್ಯುತ್ತಿದ್ದರು. ಅವರದು ತಾಮ್ರದ ಗರಗಸ. ತಳ್ಳಿ ನೋಡುವ ಧೈರ್ಯ ಯಾರಿಗಿದ್ದೀತು?

ಸೂತ್ರ 2: ಹಲ್ಲಿನ ಸಾಲಿಗೊಂದು ದರ್ಶನ.

ವೃತ್ತಿ: ರ್ಯೋಬಾ ಎಂಬ ಗರಗಸ ದ್ವೈತಿ. ಒಂದಂಚಿನ ಹಲ್ಲು ಎಳೆಯುದ್ದಕ್ಕೆ ಸೀಳಲು, ಇನ್ನೊಂದಂಚಿನದು ಎಳೆಗೆ ಅಡ್ಡ ಕೊಯ್ಯಲು. ಇವೆರಡರ ಭೇದ ನಿತ್ಯ, ಸತ್ಯ. ಒಂದೇ ಅಂಚಿನ ಕತಬಾ ಅದ್ವೈತಿ. ದೋಜುಕಿಗೂ ಅಂಚು ಒಂದೇ, ಆದರೆ ಬೆನ್ನಿಗೆ ಗಟ್ಟಿ ಪಟ್ಟಿಯ ವಿಶೇಷಣ ಉಂಟಾದ್ದರಿಂದ ವಿಶಿಷ್ಟಾದ್ವೈತಿ. ಸೂಕ್ಷ್ಮ ಕೂಡುಗೆಗಳಲ್ಲಿ ಇದನ್ನು ಮೀರಿಸುವವರಿಲ್ಲ, ಆದರೆ ಬೆನ್ನುಪಟ್ಟಿ ಮರಕ್ಕೆ ತಾಗಿದಲ್ಲಿಗೆ ಇದರ ವಾದ ಮುಗಿಯಿತು. ಹಲಗೆಯ ಅಂಚನ್ನೇ ಮುಟ್ಟದೆ ಸೀದಾ ನಡುವಿಗೆ ಬಾಯಿ ಹಾಕುವ ಗುಂಡು ಮೂತಿಯ ಅಜೆಬಿಕಿ ಯಾವ ಮತಕ್ಕೆ ಸೇರಿದ್ದೆಂದು ನಿರ್ಣಯವಾಗಿಲ್ಲ.

ಸೂತ್ರ 3: ಹಲ್ಲು ಮೊಂಡಾದರೆ ವಾದವೂ ಮೊಂಡು.

ವೃತ್ತಿ: ಇಲ್ಲಿ ಚಿತ್ರವೇ ಪ್ರಮಾಣ. ಚಿತ್ರಕಾರ ಹೊಕುಸಾಯಿಯ ಫುಜಿ ಪರ್ವತದ ಮೂವತ್ತಾರು ನೋಟಗಳಲ್ಲಿ ತೋತೋಮಿ ಪ್ರಾಂತ್ಯದ್ದೊಂದಿದೆ. ಓರೆಯಾಗಿ ನಿಲ್ಲಿಸಿದ ಭಾರೀ ತೊಲೆಯನ್ನು ಮೇಲೆ ಹತ್ತಿದವನೊಬ್ಬ, ಕೆಳಗೆ ಇರುವವನೊಬ್ಬ ಕೊಯ್ಯುತ್ತಿದ್ದಾರೆ. ಕಲಾವಿಮರ್ಶಕರು ಆಸರೆಗಂಬಗಳ ನಡುವೆ ಕಾಣುವ ಫುಜಿಯನ್ನು ನೋಡುತ್ತಾರೆ. ಗರಗಸ ಮೀಮಾಂಸಕರಿಗೆ ಕಾಣುವುದು ಪಕ್ಕದಲ್ಲಿ ಕೂತು ಗರಗಸದ ಹಲ್ಲಿಗೆ ಅರ ಹಾಕುತ್ತಿರುವ ಮೂರನೆಯವನು. ಆತ ಏಳುವವರೆಗೆ ಮಿಕ್ಕಿಬ್ಬರ ಕಸುವಿಗೆ ಬೆಲೆಯಿಲ್ಲ.

ನವ್ಯರು ಮೂರನೆಯವನನ್ನೇ ಕೈಬಿಟ್ಟಿದ್ದಾರೆ. ಹಲ್ಲಿನ ತುದಿಯನ್ನಷ್ಟೇ ಕ್ಷಣಮಾತ್ರ ಕಾಯಿಸಿ, ಅರವೂ ಕಚ್ಚದಷ್ಟು ಗಡಸು ಮಾಡುತ್ತಾರೆ. ಮೊಂಡಾದರೆ ಅಲಗನ್ನು ಕಳಚಿ ಎಸೆದು ಹೊಸದು ಸಿಕ್ಕಿಸುವುದು. ಹಿಡಿ ಆತ್ಮ, ಅಲಗು ದೇಹ ಎಂದರೆ ಪುನರ್ಜನ್ಮವಾದಿಗಳಿಗೆ ಬೇಗ ಅರ್ಥವಾಗುತ್ತದೆ. ಕರ್ಮಫಲವೂ ಉಂಟು. ಸುಗಿ, ಹಿನೊಕಿಯಂಥ ಮೆದು ಮರಕ್ಕೆ ಮಾಡಿದ ಸಣ್ಣ ಹಲ್ಲನ್ನು ನಮ್ಮ ಮತ್ತಿಮರದ ಗಂಟಿಗೆ ಒತ್ತಿದವನಿಗೆ ಅದು ಇದೇ ಜನ್ಮದಲ್ಲಿ, ಉದುರಿದ ಹಲ್ಲಿನ ರೂಪದಲ್ಲಿ ಸಿಗುತ್ತದೆ.

ಸೂತ್ರ 4: ಕೊಂಬೆಗೆ ಮೂರು ಕೊಯ್ತ, ಮೊದಲನೆಯದು ಕೆಳಗಿಂದ.

ವೃತ್ತಿ: ಹ್ಯೋಗೊ ಪ್ರಾಂತ್ಯದ ಮಿಕಿ, ಓನೊ ಊರುಗಳಲ್ಲಿ ಮರಗೆಲಸದ ಗರಗಸದ ಜೊತೆ ತೋಟದ ಗರಗಸವೂ ತಯಾರಾಗುತ್ತದೆ. ಓನೊದ ಸಿಲ್ಕಿ ಗರಗಸ ಲೋಕವಿಖ್ಯಾತ. ತಲೆಯ ಮೇಲಿನ ಕೊಂಬೆಗೆ ಬಾಗಿದ ಅಲಗನ್ನು ತಗಲಿಸಿ ಕೆಳಕ್ಕೆ ಎಳೆದರೆ ತೋಳಿನ ಭಾರವೇ ಅರ್ಧ ಕೂಲಿ ಮಾಡುತ್ತದೆ. ಕಾಂಡದಿಂದ ಗೇಣುದೂರದಲ್ಲಿ ಕೆಳಗಿಂದ ಮೂರನೆಯ ಒಂದು ಪಾಲು ಕೊಯ್ಯಬೇಕು. ಅದರಾಚೆ ಮೇಲಿಂದ ಕೊಯ್ದರೆ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ, ಅದರ ಹೊರಗೇ ತೆಗೆಯಬೇಕು. ಗಾಯ ಮಾಯಿಸುವುದು ಆ ಉಬ್ಬೇ. ಆಕ್ಷೇಪ: ಕೊಂಬೆ ಯಾರ ಮೇಲೆ ಬೀಳುತ್ತದೆ? ಉತ್ತರ: ಆಕ್ಷೇಪಿಸುತ್ತ ಕೆಳಗೆ ನಿಂತವರ ಮೇಲೆ.

ಫಲಶ್ರುತಿ: ಇದನ್ನು ನಿತ್ಯ ಪಾರಾಯಣ ಮಾಡುವವರು ಸಭೆಯಲ್ಲಿ ತಳ್ಳುವಾದಿಗಳನ್ನು ಗೆಲ್ಲುವರು. ಅರ್ಥ ತಿಳಿದು ಓದುವವರಿಗೆ ಹೊಸ ಅಲಗು ಕೊಳ್ಳುವ ಯೋಗವಿದೆ. ತಿಳಿದೂ ಅಭ್ಯಾಸಬಲದಿಂದ ತಳ್ಳುವವರಿಗೆ ಆ ಯೋಗ ಬೇಗನೆ ಬರುತ್ತದೆ. ಓದದೆಯೇ ಹಗುರಾಗಿ ಎಳೆಯುವವರ ಮರ ಮಾತ್ರ ಎರಡಾಗುವುದು.