ಮ್ಯಾನೇಜರ್ ಅಂಕಲ್ ಮತ್ತು ಅವರ ಚೇತಕ್

ಯಾವ ಬಡಾವಣೆಗೆ ಹೋದರೂ ಒಂದು ಹಾಲಿನ ಬೂತು, ಒಂದು ಗಣಪತಿ ಗುಡಿ, ಒಬ್ಬರು ಅನುಭವಸ್ಥರು ಇದ್ದೇ ಇರುತ್ತಾರೆ. ಮೊದಲಿನ ಎರಡಕ್ಕೆ ಬಾಗಿಲು ಹಾಕುವ ಹೊತ್ತು ಅಂತ ಒಂದಿದೆ. ಮೈಸೂರಿನ ನಮ್ಮ ಬೀದಿಯ ಅನುಭವಸ್ಥರು ಮ್ಯಾನೇಜರ್ ಅಂಕಲ್. ಬ್ಯಾಂಕಿನಿಂದ ನಿವೃತ್ತರಾಗಿ ಬಹಳ ವರ್ಷವಾಯಿತು. ಮ್ಯಾನೇಜರ್‌ಗಿರಿಯಿಂದ ಇನ್ನೂ ಆಗಿಲ್ಲ. ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾವು ಬದುಕಿದ್ದೇವೆಂದು ಪಿಂಚಣಿಗಾಗಿ ಪ್ರಮಾಣಪತ್ರ ಕೊಟ್ಟು ಬರುತ್ತಾರೆ. ಉಳಿದ ಹನ್ನೊಂದು ತಿಂಗಳು ಅದನ್ನೇ ನಮಗೆ ಮನದಟ್ಟು ಮಾಡಿಸುತ್ತಾರೆ.

ಅಂಕಲ್ ಹತ್ತಿರ ನೆನಪುಗಳು ಕಡಿಮೆ, ನೀತಿಗಳು ಜಾಸ್ತಿ. ಮೂಲ ಬಂಡವಾಳ ಒಂದು ಚೇತಕ್ ಸ್ಕೂಟರ್. ಬಜಾಜ್ ಕಂಪನಿ ಆ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1972ರಲ್ಲಿ. ಜೇಬಿನಲ್ಲಿ ದುಡ್ಡಿದ್ದರೂ ಅಂಗಡಿಗೆ ಹೋಗಿ ತಂದುಬಿಡುವ ಕಾಲವಲ್ಲ ಅದು. ವರ್ಷಕ್ಕೆ ಎಷ್ಟು ಸ್ಕೂಟರ್ ಮಾಡಬಹುದೆಂದು ಕಾರ್ಖಾನೆಗೆ ದೆಹಲಿಯಿಂದ ಲೈಸೆನ್ಸ್ ಬರಬೇಕಿತ್ತು. ಕೊಳ್ಳುವವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಂಕಲ್ ಕೂಡ ಕಾದರಂತೆ. ನಾವು ಈ ಬೀದಿಗೆ ಬಂದ ಹೊಸದರಲ್ಲಿ ಅವರು ಕಾದದ್ದು ನಾಲ್ಕು ವರ್ಷ. ಆಮೇಲೆ ಅದು ಆರಾಯಿತು. ಹೋದ ಯುಗಾದಿಯ ಹೊತ್ತಿಗೆ ಎಂಟು. ಬ್ಯಾಂಕಿನವರಲ್ಲವೇ, ನೆನಪಿಗೂ ಚಕ್ರಬಡ್ಡಿ ಹಾಕುತ್ತಾರೆ.

ಎದುರುಮನೆ ಹುಡುಗ ಬೆಳಿಗ್ಗೆ ಶೋರೂಮಿಗೆ ಹೋಗಿ ಸಂಜೆಗೆ ಇಎಂಐ ಮೇಲೆ ಬೈಕ್ ತಂದಿದ್ದ. ಹ್ಯಾಂಡಲಿಗೆ ಹಾಕಿದ್ದ ಸೇವಂತಿಗೆ ಹಾರ ಬಾಡಿರಲಿಲ್ಲ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು ಗೇಟಿನ ಮುಂದೆ ಹಾಗೇ ಬಿದ್ದಿತ್ತು. ಅಂಕಲ್ ಬಂದು ಸೀಟು ತಟ್ಟಿದರು.

"ತಾಳಿದವನು ಬಾಳಿಯಾನು ಕಣಪ್ಪಾ. ಎಂಟು ವರ್ಷ ಕಾದೆ ನಾನು. ಎಂಟು ವರ್ಷ! ನಿಮಗೆಲ್ಲ ತಾಳ್ಮೆ ಅನ್ನೋದೇ ಇಲ್ಲ."

"ಆಗಲೂ ಹೀಗೇ ಒಂದೇ ದಿನಕ್ಕೆ ಸಿಗೋ ಹಾಗಿದ್ದಿದ್ರೆ ಕಾಯ್ತಿದ್ರಾ ಅಂಕಲ್?"

"ಅದು ಬೇರೆ ವಿಷಯ" ಎಂದರು ಅಂಕಲ್.

ಅಷ್ಟರಲ್ಲಿ ಒಳಗಿನಿಂದ ಆಂಟಿಯ ದನಿ: "ಏನ್ರೀ, ನೀವೆಲ್ಲಿ ಕಾದ್ರಿ? ನಮ್ಮಣ್ಣನ ಹೆಸರಿಗೆ ಬಂದ ಗಾಡಿ ತಾನೇ ಅದು? ಕಾದೋನು ಅವನು, ಓಡಿಸಿದ್ದು ನೀವು."

ಇಂಥ ಸಣ್ಣಪುಟ್ಟ ತಿದ್ದುಪಡಿಗಳನ್ನು ಅಂಕಲ್ ಕಡತಕ್ಕೆ ಸೇರಿಸಿಕೊಳ್ಳುವುದಿಲ್ಲ.

ಆ ಸ್ಕೂಟರಿಗೆ ಒಂದು ಚಾಳಿ ಇತ್ತು. ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿಸಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಸಿ, ನೆಟ್ಟಗೆ ನಿಲ್ಲಿಸಿ ಒದ್ದರೆ ಹೊರಡುತ್ತಿತ್ತು. ಈ ಒಂದು ವಾಲಾಟದಿಂದ ಅಂಕಲ್ ತೆಗೆದ ನೀತಿಗಳಿಗೆ ಲೆಕ್ಕವಿಲ್ಲ. ಅಕ್ಷತೆ ಹಾಕಲು ಮಂಟಪ ಹತ್ತಿದಾಗ ಮದುಮಗನಿಗೆ: "ಸ್ವಲ್ಪ ಬಗ್ಗಿದರೇನೇ ಗಾಡಿ ಮುಂದಕ್ಕೆ ಹೋಗೋದು." ಮೇಲಧಿಕಾರಿಗೆ ಹೆದರಿ ಹೆದರಿ ಸಾಕಾದವನಿಗೆ: "ಬಗ್ಗಿದ್ದು ಸಾಕು, ನೆಟ್ಟಗೆ ನಿಲ್ಲು, ಆಗಲೇ ಗಾಡಿ ಹೊರಡೋದು." ಬಗ್ಗು ಅಂದದ್ದೂ ಚೇತಕ್ಕೇ, ಬಗ್ಗಬೇಡ ಅಂದದ್ದೂ ಚೇತಕ್ಕೇ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಾರದ ಹುಡುಗಿಗೆ: "ಒಂದೇ ಒದೆತಕ್ಕೆ ಯಾವ ಗಾಡಿ ಸ್ಟಾರ್ಟ್ ಆಗುತ್ತಮ್ಮಾ?" ಮಂಡಿ ಆಪರೇಷನ್ ಆಗಿ ಮಲಗಿದ್ದ ಮೂಲೆಮನೆ ಮೇಷ್ಟ್ರನ್ನು ನೋಡಲು ಹೋದಾಗ ಅಲ್ಲಿಗೂ ಚೇತಕ್ ತಂದರು. ಮೇಷ್ಟ್ರು ಪಾಪ, ಎದ್ದು ಹೋಗುವಂತಿರಲಿಲ್ಲ. ಒದೆಯುವ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡರು.

ಅಂಕಲ್ ಒಬ್ಬರನ್ನೇ ದೂರಿ ಫಲವಿಲ್ಲ. ಬೇರೆ ದಾರಿಯಿಲ್ಲದೆ ಮಾಡಿದ್ದಕ್ಕೆಲ್ಲ ಆಮೇಲೆ ಒಂದು ಒಳ್ಳೆಯ ಹೆಸರಿಡುವುದು ಅವರ ವಯಸ್ಸಿನವರ ರೂಢಿ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕೂತದ್ದು ತಾಳ್ಮೆ, ಸಕ್ಕರೆಗೆಂದು ರೇಷನ್ ಅಂಗಡಿ ಮುಂದೆ ಕ್ಯೂ ನಿಂತದ್ದು ಶಿಸ್ತು, ಇದ್ದೆರಡು ಪ್ಯಾಂಟನ್ನೇ ಒಗೆದು ಒಗೆದು ಹಾಕಿದ್ದು ಸರಳತೆ. 1991ರಲ್ಲಿ ಲೈಸೆನ್ಸಿನ ಕಟ್ಟು ಸಡಿಲವಾದ ಮೇಲೆ ಆ ತಾಳ್ಮೆಗೆ ಕೆಲಸವೇ ಇಲ್ಲದಂತಾಯಿತು. ಈಗ ಹತ್ತೇ ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆಗೆ ತರಿಸುವವರೂ ಅಂಕಲ್ಲೇ, ಹನ್ನೊಂದನೇ ನಿಮಿಷಕ್ಕೆ ಗೇಟಿನಲ್ಲಿ ನಿಂತು "ಎಲ್ಲಿದ್ದೀಯಪ್ಪಾ?" ಎಂದು ಫೋನ್ ಮಾಡುವವರೂ ಅಂಕಲ್ಲೇ.

ಹಾಗೆಂದು ಅವರ ಬಾಯಿಂದ ಕಲಿಯುವಂಥದ್ದು ಏನೂ ಬರುವುದಿಲ್ಲವೆಂದಲ್ಲ. ಬರುತ್ತದೆ, ಆಗ ಅದು ಪಾಠವೆಂದು ಅವರಿಗೇ ಗೊತ್ತಿರುವುದಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬರು ತೀರಿಕೊಂಡು, ಅವರ ಮನೆಯವರು ಠೇವಣಿ ರಸೀದಿಗಳ ಕಟ್ಟು ಮುಂದಿಟ್ಟುಕೊಂಡು ದಿಕ್ಕು ತೋಚದೆ ಕೂತಿದ್ದರು. ಅಂಕಲ್ ಅಂದು ಚೇತಕ್ ಸುದ್ದಿ ಎತ್ತಲಿಲ್ಲ. ಕನ್ನಡಕ ಒರೆಸಿಕೊಂಡು ರಸೀದಿಗಳನ್ನು ಒಂದೊಂದೇ ತಿರುವಿ ಎರಡು ಗುಡ್ಡೆ ಮಾಡಿದರು. "ಇವಕ್ಕೆ ನಾಮಿನಿ ಇದೆ, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಇದ್ದರೆ ಆಯ್ತು. ಇವಕ್ಕಿಲ್ಲ, ಸ್ವಲ್ಪ ಓಡಾಟ ಬೀಳುತ್ತೆ, ನಾನೂ ಬರ್ತೀನಿ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ತಗೊಳ್ಳೋರು ಅಷ್ಟೇ ಕಣಮ್ಮಾ, ಹಕ್ಕು ವಾರಸುದಾರರೆಲ್ಲರದ್ದು. ಮಗಳನ್ನೂ ಕೂರಿಸಿಕೊಂಡು ಮಾತಾಡಿ." ಅಲ್ಲಿ ನೀತಿಯೂ ಇರಲಿಲ್ಲ, ಗಾದೆಯೂ ಇರಲಿಲ್ಲ. ಸೈಟು ಕೊಳ್ಳಲು ಹೊರಟವರನ್ನೂ ಹೀಗೇ ಗೇಟಿನಲ್ಲಿ ತಡೆದು "ಇಸಿ ತೆಗೆಸಿದ್ಯೇನೋ? ಮೂಲಪತ್ರ ಕಣ್ಣಾರೆ ನೋಡಿದ್ಯೇನೋ?" ಎಂದು ಕೇಳುತ್ತಾರೆ. ಉತ್ತರ ತಡವರಿಸಿದರೆ ವಾಪಸ್ ಕಳಿಸುತ್ತಾರೆ.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ದೂರದಿಂದ ಕಂಡ ಕೂಡಲೇ ರಸ್ತೆ ದಾಟಿ ಆ ಕಡೆ ಹೋಗಬೇಡಿ. ಮಾತು "ನಮ್ಮ ಕಾಲದಲ್ಲಿ" ಎಂದು ಶುರುವಾದರೆ ಅರ್ಧ ಕಿವಿ ಸಾಕು. "ಒಂದು ಕೆಲಸ ಮಾಡು" ಎಂದು ಶುರುವಾದರೆ ಮಾತ್ರ ಪೆನ್ನು ತೆಗೆಯಿರಿ. ಅಂದಹಾಗೆ, ನಿಮ್ಮ ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೋಗಿ ಹಾಕಿಸಿ.